ಪುಲ್ಲಿಯ ಅಳತೆ

ನನ್ನ ಗಂಡನ ಬಲಗೈ ತೋರುಬೆರಳು ನಡುಗೆಣ್ಣಿಗೇ ಮುಗಿಯುತ್ತದೆ. ಪಕ್ಕದ ನಡುಬೆರಳು ಇದೆ, ಆದರೆ ಮಡಚುವುದಿಲ್ಲ. ಯಾರಾದರೂ ಕೇಳಿದರೆ ಇವರು ಕೊಡುತ್ತಿದ್ದ ಉತ್ತರ ಒಂದೇ: "ಕಾರಿಗೆ ಪುಲ್ಲಿ ಕೂಡಸೂ ಮುಂದ ಹೋತ್ರಿ. ನನ್ನ ಅಳತಿ ತಪ್ಪಿತ್ತು." ಇದರಲ್ಲಿ ಮೊದಲನೆಯ ಮಾತು ನಿಜ, ಎರಡನೆಯದು ಸುಳ್ಳು. ಸುಳ್ಳೆಂದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಗೊತ್ತಿದ್ದೂ ಹದಿನಾರು ವರ್ಷ ಬಾಯಿ ಮುಚ್ಚಿಕೊಂಡು ಅವರಿಗೆ ಅನ್ನ ಬಡಿಸಿದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಲಬುರಗಿಯ ಶಹಾಬಜಾರದ ಒಂದು ಓಣಿಯಲ್ಲಿ ನಮ್ಮ ಮನೆ. ಮನೆಯಲ್ಲಿ ಮೂವರೇ: ಇವರು, ನಾನು, ನಮ್ಮ ಮಾವನವರು. ಅತ್ತೆಯವರು ನಾನು ಆ ಮನೆ ಸೇರುವ ಮುಂಚೆಯೇ ತೀರಿಕೊಂಡಿದ್ದರು. ನಾನು ಕಮಲಾಪುರದ ಶಾಲೆಯಲ್ಲಿ ಕಲಿಸುತ್ತಿದ್ದೆ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಹೋಗುವುದು, ಸಂಜೆ ಸಿಕ್ಕ ಟೆಂಪೋ ಹಿಡಿದು ಬರುವುದು. ಇವರು ಸರಕಾರಿ ಕಚೇರಿಯೊಂದರಲ್ಲಿ ನಕ್ಷೆ ತೆಗೆಯುವವರು. ಸೇತುವೆಯಾಗಲಿ ಗೋದಾಮಾಗಲಿ, ಕಟ್ಟುವ ಮೊದಲು ಇವರ ಮೇಜಿನ ಮೇಲೆ ಕಪ್ಪು ಶಾಯಿಯಲ್ಲಿ ಮೂಡಬೇಕಿತ್ತು. ಇವರ ಗೆರೆ ಎಂದರೆ ಸಾಹೇಬರು ಎರಡನೆಯ ಸಲ ನೋಡದೆ ಸಹಿ ಹಾಕುತ್ತಿದ್ದರಂತೆ. ಇದನ್ನು ಇವರು ತಾವಾಗಿ ಹೇಳಿದ್ದಲ್ಲ. ಕಚೇರಿಯ ಜವಾನನೇ ಮನೆಗೆ ಬಂದಾಗ ಹೇಳಿದ್ದ.

ಮನೆಯಲ್ಲಿ ಮಾತ್ರ ಈ ಅಳತೆಯ ಹುಚ್ಚಿನಿಂದ ನನಗೆ ಸಾಕುಸಾಕಾಗಿ ಹೋಗಿತ್ತು. ನಾನು ಗೋಡೆಗೆ ಮೊಳೆ ಹೊಡೆದರೆ ಹಿಂದಿನಿಂದ ಬಂದು ಅಳತೆಪಟ್ಟಿ ಹಿಡಿಯುವ ಮನುಷ್ಯ. "ಒಂದ್ ನೂಲು ಎಡಕ್ಕ ಹೋಗ್ಯದ ನೋಡು," ಎನ್ನುವರು. "ಅಷ್ಟಕ್ಕ ಕ್ಯಾಲೆಂಡರ್ ಅಳ್ತಾ ಕೂಡ್ತದೇನ್ರಿ?" ಎಂದು ನಾನು. ಆದರೂ ಮೊಳೆ ಕಿತ್ತು ಮತ್ತೆ ಹೊಡೆಯುವುದೇ. ಬೈಯುತ್ತಲೇ ನಾನು ಆ ಹುಚ್ಚನ್ನು ಪ್ರೀತಿಸುತ್ತಿದ್ದೆ. ಆಗ ಅದನ್ನು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಮಾವನವರದು ಕಟ್ಟುನಿಟ್ಟಿನ ಮಡಿ. ಬೆಳಿಗ್ಗೆ ಒದ್ದೆ ಪಂಚೆಯಲ್ಲಿ ದೇವರ ಕೋಣೆ ಸೇರಿದರೆ ಹನ್ನೊಂದರ ಸುಮಾರಿಗೆ ತಂಬಿಗೆ ಹಿಡಿದು ಹೊರಗೆ ಬಂದು, ಬಾಗಿಲ ಮುಂದಿನ ತುಳಸಿಗೆ ನೀರು ಹಾಕುತ್ತಿದ್ದರು. ಆ ಹೊತ್ತಿಗೆ ದಾರಿಯಲ್ಲಿ ಯಾರೂ ಅಡ್ಡ ಇರಬಾರದು, ಮೈಲಿಗೆಯ ಸೆರಗಿನ ತುದಿಯೂ ಸೋಕಬಾರದು. ಇನ್ನೊಂದು ನಿಯಮವಿತ್ತು, ಅದನ್ನು ಯಾರೂ ಬಾಯಿ ಬಿಟ್ಟು ಹೇಳಿದ್ದಲ್ಲ: ಮಾವನವರು ಬಂದರೆ ಸೊಸೆ ಕುಳಿತಿರಬಾರದು. ಅಕ್ಕಿ ಆರಿಸುತ್ತಿರಲಿ, ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಿರಲಿ, ಅವರ ಪಾದದ ಸಪ್ಪಳ ಕೇಳಿದರೆ ಎದ್ದು, ತಲೆಯ ಮೇಲೆ ಸೆರಗೆಳೆದು, ಎರಡು ಹೆಜ್ಜೆ ಹಿಂದೆ ಸರಿಯಬೇಕು. ಎಂಟು ವರ್ಷ ದಿನಕ್ಕೆ ಹತ್ತು ಸಲ ಎದ್ದು ಸರಿದೂ ಸರಿದೂ ಅದು ನನಗೆ ಕಣ್ಣು ಮಿಟುಕಿಸಿದಷ್ಟು ಸಲೀಸಾಗಿತ್ತು. ಮಾವನವರು ಕೆಟ್ಟವರಲ್ಲ. ಶಾಲೆಯಿಂದ ನಾನು ದಣಿದು ಬಂದರೆ ಒಲೆಯ ಮೇಲೆ ಹಾಲು ಕಾಯಿಸಿ ಮುಚ್ಚಿಟ್ಟಿರುತ್ತಿದ್ದರು.

ಕಾರು ಮನೆಗೆ ಬಂದದ್ದೂ ನನ್ನಿಂದಲೇ. ಕಮಲಾಪುರದಲ್ಲಿ ಒಬ್ಬ ಮುದಿ ಡಾಕ್ಟರು ಊರು ಬಿಟ್ಟು ಮಗಳ ಮನೆಗೆ ಹೊರಟಿದ್ದರು. ಅವರ ಗುಂಡುಮೈಯ ಹಳೆಯ ಕಾರು ಬಾಳೆಯ ತೋಟದ ಬೇಲಿಯ ಪಕ್ಕ ನಿಂತೇ ಇರುತ್ತಿತ್ತು. ನಾನು ಮನೆಗೆ ಬಂದು ಸುದ್ದಿ ಹೇಳಿದ್ದಷ್ಟೇ. ಮುಂದಿನ ಭಾನುವಾರ ಇವರು ಅದರ ಕೆಳಗೆ ಮಲಗಿದ್ದರು. ಅಗ್ಗಕ್ಕೆ ಸಿಕ್ಕಿತು. ಮಾವನವರು ನೋಡಿ, "ತುಳಸಿಗೆ ಬಿಸಲು ಅಡ್ಡ ಆಗ್ತದ, ಅತ್ಲಾಗ ನಿಂದ್ರಸು," ಎಂದರು. ಅವರ ಬಾಯಲ್ಲಿ ಅದು ಒಪ್ಪಿಗೆಯೇ.

ಎರಡು ವರ್ಷ ಆ ಕಾರು ನಮ್ಮನ್ನು ಕಾಡಿತು, ನಗಿಸಿತು. ರಜೆಯ ದಿನ ಇಬ್ಬರೂ ಸುಮ್ಮನೆ ಮಹಾಗಾಂವದವರೆಗೆ ಹೋಗಿ ಚಹಾ ಕುಡಿದು ಬರುತ್ತಿದ್ದೆವು. ಒಂದು ಸಲ ಮಹಾಗಾಂವದ ಹತ್ತಿರವೇ ರೇಡಿಯೇಟರ್ ಕುದಿದು ನಿಂತಿತು. ಇವರು ಬಾನೆಟ್ ಎತ್ತಿ ನೋಡಿದರೆ ಎಂಜಿನ್ನಿನ ಮುಂದಿನ ಪುಲ್ಲಿಯ, ಎಂದರೆ ಬೆಲ್ಟು ಕೂಡುವ ಗಾಲಿಯ, ಅಂಚು ಒಡೆದು ಬೆಲ್ಟು ಜಾರಿಹೋಗಿತ್ತು. ಆ ಪುಲ್ಲಿ ತಿರುಗಿದರೇ ಬೆಲ್ಟು ತಿರುಗಬೇಕು, ಬೆಲ್ಟು ತಿರುಗಿದರೇ ಫ್ಯಾನು, ನೀರಿನ ಪಂಪು ಎಲ್ಲ. ತೊಗರಿ ಹೊಲದ ಕಡೆಯಿಂದ ಒಬ್ಬರು ಕೊಡ ನೀರು ತಂದುಕೊಟ್ಟರು. ಕೊನೆಗೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಊರು ಸೇರಿದೆವು.

ಪೇಟೆಯ ಅಂಗಡಿಗಳಲ್ಲೆಲ್ಲ ಒಂದೇ ಉತ್ತರ: "ಕಂಪನಿ ಮಾಲು ಬರೂದು ಬಂದ್ ಆಗ್ಯದ್ರಿ." ಒಬ್ಬ ಮಾತ್ರ ಎಲ್ಲಿಯದೋ ಲೋಕಲ್ ಪುಲ್ಲಿ ಕೊಟ್ಟ. ಇವರು ಅದನ್ನು ಮನೆಗೆ ತಂದು, ಮೊಳೆಗೆ ಸಿಗಿಸಿ ತಿರುಗಿಸಿ ನೋಡಿ, ಸೊಟ್ಟ ಇದೆ ಎಂದು ವಾಪಸು ಕೊಟ್ಟು ಬಂದರು. ಆ ಸಂಜೆ ಹೇಳಿದರು, "ನಾನೇ ನಕ್ಷಾ ತೆಗೀತೀನಿ. ನಂದೂರದಾಗ ಮಾಡಸ್ತೀನಿ."

ನಂದೂರದಲ್ಲಿ ಬೇಳೆಯ ಮಿಲ್ಲುಗಳಿಗೆ ಪುಲ್ಲಿ ಕಡೆದುಕೊಡುವ ಲೇತಿನ ಅಂಗಡಿಗಳಿದ್ದವು. ಮಿಲ್ಲಿನವರು ಮುರಿದ ಪುಲ್ಲಿಯನ್ನು ನೆಲಕ್ಕೆ ಒಗೆದು ಹಿಂಗೇ ಮಾಡು ಎಂದು ಹೋಗುತ್ತಾರೆ, ಅಷ್ಟೇ ಅಲ್ಲಿಯ ನಕ್ಷೆ. ಇವರು ಮೂರು ದಿನ ಕುಳಿತು ಟ್ರೇಸಿಂಗ್ ಬಟ್ಟೆಯ ಮೇಲೆ ಮುಂದಿನಿಂದ, ಬದಿಯಿಂದ, ಸೀಳಿ ನೋಡಿದರೆ ಹೇಗೆ ಕಾಣುತ್ತದೆ ಎಂಬುದನ್ನೂ ಬರೆದರು. ಎಲ್ಲಕ್ಕಿಂತ ಕಷ್ಟದ್ದು ಒಳಗಿನ ಸಣ್ಣ ಸೀಳು. ಪುಲ್ಲಿಯ ಸೀಳಿಗೂ ಎಂಜಿನ್ನಿನ ದಂಡದ ಸೀಳಿಗೂ ನಡುವೆ ಒಂದು ಉಕ್ಕಿನ ತುಂಡು ಬಿಗಿಯಾಗಿ ಕೂಡುತ್ತದೆ. ಅದಕ್ಕೆ ಚಾವಿ ಎನ್ನುತ್ತಾರೆ. ಆ ಚಾವಿ ಇದ್ದರೆ ದಂಡ ತಿರುಗಿದಷ್ಟೇ ಪುಲ್ಲಿ ತಿರುಗುತ್ತದೆ. ಸೀಳು ಕೂದಲಷ್ಟು ಅಗಲವಾದರೂ ಪುಲ್ಲಿ ದಂಡದ ಮೇಲೆ ಜರುಗುತ್ತದೆ. ನನಗೆ ಇದನ್ನು ಊಟದ ತಟ್ಟೆಯ ಮುಂದೆ ರೊಟ್ಟಿಯ ಚೂರು ಇಟ್ಟು ತಿಳಿಸಿದರು.

ಲೇತಿನ ಅಂಗಡಿಯ ಸಾಹೇಬರು ನಕ್ಷೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರಂತೆ. "ಸಾಬ್, ಇಷ್ಟು ಸಾಫ್ ಕಾಗದ ನನ್ನ ಅಂಗಡಿಗಿ ಬಂದೇ ಇಲ್ರಿ. ಬರಾಬರ್ ಇದರಂಗೇ ಇಳಸ್ತೀನಿ," ಎಂದರಂತೆ. ಇದನ್ನು ಇವರು ನನಗೆ ಎರಡು ಸಲ ಹೇಳಿದರು. ಎರಡನೆಯ ಸಲ ಹೇಳುವಾಗ ಮೊದಲು ಹೇಳಿದ್ದು ಮರೆತಿದ್ದರು. ನಾನೂ ನೆನಪಿಸಲಿಲ್ಲ.

ಪುಲ್ಲಿ ಬಂದ ಭಾನುವಾರ ಬೆಳಿಗ್ಗೆಯಿಂದಲೇ ಕೆಲಸ ಶುರುವಾಯಿತು. ಇವರು ರೇಡಿಯೇಟರ್ ಬಿಚ್ಚಿ ಕಟ್ಟೆಯ ಮೇಲಿಟ್ಟರು. ಮುಂದಿನ ಒಂದು ಚಕ್ರ ತೆಗೆದು ಕಾರನ್ನು ಇಟ್ಟಂಗಿಯ ಮೇಲೆ ನಿಲ್ಲಿಸಿದರು. ಪುಲ್ಲಿಯ ನಟ್ಟು ಕೊನೆಯಲ್ಲಿ ಮೈಯ ಭಾರವೆಲ್ಲ ಹಾಕಿ ಬಿಗಿಯಬೇಕು, ಆದರೆ ಬಿಗಿಯಲು ಹೋದರೆ ಎಂಜಿನ್ನೇ ತಿರುಗಿಬಿಡುತ್ತದೆ. ಅದಕ್ಕೇ ಎಂಜಿನ್ನಿನ ಹಿಂದುಗಡೆಯ ದೊಡ್ಡ ಹಲ್ಲುಚಕ್ರದ ಸಂದಿಗೆ ಯಾರಾದರೂ ಕಬ್ಬಿಣದ ಪಟ್ಟಿ ಕೊಟ್ಟು ಹಿಡಿದಿರಬೇಕು. ಹಿಡಿಯುವವಳು ನಾನು. ಚಕ್ರ ತೆಗೆದ ಕಡೆ ಮಣೆ ಹಾಕಿಕೊಂಡು ಕುಳಿತು, ಎರಡೂ ಕೈಯಿಂದ ಪಟ್ಟಿಯನ್ನು ಒತ್ತಿ ಹಿಡಿದೆ. ಇವರು ಮುಂದೆ, ನಾನು ಬದಿಗೆ, ನಡುವೆ ಮಡ್‌ಗಾರ್ಡು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

"ನಾ ಸಾಕು ಅನ್ನೂತನ ಬಿಡಬ್ಯಾಡ," ಎಂದರು.

"ಬಿಡಂಗಿಲ್ಲ ತಗೋರಿ. ಎಷ್ಟ್ ಸಲ ಹೇಳ್ತೀರಿ."

ಪುಲ್ಲಿ ದಂಡದ ಮೇಲೆ ಕೂತಿತು. ಕೂತ ಸಪ್ಪಳ ನನಗೂ ಕೇಳಿಸಿತು, ಡಬ್ಬಿಯ ಮುಚ್ಚಳ ಹಾಕಿದ ಹಾಗೆ. "ಕೂತದ ನೋಡು," ಎಂದು ಇವರು ನಕ್ಕರು. ಬೆಲ್ಟು ಏರಿಸಿದರು. ಎಡಗೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದು, ಅದರ ಹಿಡಿಕೆಗೆ ನಳಿಕೆ ಸಿಗಿಸಿ ಜಗ್ಗತೊಡಗಿದರು. ಬಲಗೈ ಬೆರಳನ್ನು ಪುಲ್ಲಿಯ ಅಂಚಿನ ಮೇಲೆ ಇಟ್ಟಿದ್ದರಂತೆ, ನೆಟ್ಟಗೆ ಕೂಡುತ್ತಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಲು. ಯಾವ ಗ್ಯಾರೇಜಿನವನೂ ಹಾಗೆ ಇಡುವುದಿಲ್ಲ. ಇವರಿಗೆ ಕಣ್ಣಿಗಿಂತ ಬೆರಳಿನ ಮೇಲೆ ನಂಬಿಕೆ.

ಹನ್ನೊಂದು ಆದದ್ದು ನನಗೆ ತಿಳಿಯಲೇ ಇಲ್ಲ. ಬಾಗಿಲ ಹೊಸ್ತಿಲ ಮೇಲೆ ಒದ್ದೆ ಪಾದದ ಸಪ್ಪಳವಾಯಿತು. ಮಾವನವರು ತಂಬಿಗೆ ಹಿಡಿದು ಮಡಿಯಲ್ಲಿ ಬರುತ್ತಿದ್ದರು. ನನ್ನ ತಲೆಯ ಮೇಲೆ ಸೆರಗಿಲ್ಲ, ಕೈತುಂಬ ಗ್ರೀಸು, ಅವರ ದಾರಿಗೆ ಅಡ್ಡ ಮಣೆಯ ಮೇಲೆ ಕುಳಿತಿದ್ದೇನೆ. ಎದ್ದೆ ಎಂದು ಹೇಳಲೂ ಬರುವುದಿಲ್ಲ, ಎದ್ದಾಗಿತ್ತು. ಸೆರಗು ತಲೆಯ ಮೇಲಿತ್ತು. ಎರಡು ಹೆಜ್ಜೆ ಹಿಂದೆ ಗೋಡೆಗೆ ಒತ್ತಿ ನಿಂತಿದ್ದೆ. ಪಟ್ಟಿ ನೆಲಕ್ಕೆ ಬಿದ್ದ ಸಪ್ಪಳವೂ ಇವರ ಕೂಗೂ ಒಟ್ಟಿಗೇ ಬಂದವು.

ತಡೆ ತಪ್ಪಿದ ಎಂಜಿನ್ನು ಇವರ ಭಾರಕ್ಕೆ ಗರಕ್ಕನೆ ತಿರುಗಿ, ಬೆರಳುಗಳು ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕಿದ್ದವು. ಹೊಸದಾಗಿ ಕಡೆದ ಅಂಚು ಚೂಪಾಗಿತ್ತು. "ಏನಾತೋ?" ಎಂದು ಕೇಳುತ್ತ ಮಾವನವರು ತಂಬಿಗೆ ಅಲ್ಲೇ ಬಿಟ್ಟು ಓಡಿದರು. ಮಡಿಯ ಪಂಚೆಯ ಸೆರಗನ್ನೇ ಹರಿದು ಮಗನ ಕೈಗೆ ಸುತ್ತಿದರು. ನಾನು ಆ ಗಡಿಬಿಡಿಯಲ್ಲಿ ಬಿದ್ದಿದ್ದ ಪಟ್ಟಿಯನ್ನು ಕಾಲಿನಿಂದ ಕಾರಿನ ಕೆಳಗೆ ಸರಿಸಿದೆ. ಯಾಕೆ ಸರಿಸಿದೆ ಎಂದು ಈವರೆಗೂ ನನ್ನನ್ನು ಕೇಳಿಕೊಳ್ಳುತ್ತಿದ್ದೇನೆ.

ದವಾಖಾನೆಯಲ್ಲಿ ಬೆರಳಿನ ಮುಂಭಾಗ ತೆಗೆದರು. ಸಂಜೆ ಇವರಿಗೆ ಸರಿಯಾಗಿ ಎಚ್ಚರವಾದಾಗ ಮಂಚದ ಒಂದು ಕಡೆ ನಾನು ನಿಂತಿದ್ದೆ, ಇನ್ನೊಂದು ಕಡೆ ಮಾವನವರು ಇವರ ಪಾದ ತಿಕ್ಕುತ್ತ ಕುಳಿತಿದ್ದರು. ಬೆಳಿಗ್ಗೆಯಿಂದ ಅವರ ಹೊಟ್ಟೆಗೆ ನೀರೂ ಇರಲಿಲ್ಲ. ಇವರು ನನ್ನನ್ನು ನೋಡಿ ಮೆಲ್ಲಗೆ ಕೇಳಿದರು, "ನೀ ಪಟ್ಟಿ ಹಿಡದೇ ಇದ್ದೆಲ್ಲಾ?"

ಆ ಪ್ರಶ್ನೆಯಲ್ಲಿ ಸಂಶಯವಿರಲಿಲ್ಲ. ಲೆಕ್ಕ ಬಿಡಿಸುವವನು ಒಂದು ಅಂಕಿಯನ್ನು ಕೇಳಿದ ಹಾಗೆ ಕೇಳಿದ್ದರು. ನಿಜ ಹೇಳಿದರೆ ಬಿಟ್ಟದ್ದು ಯಾಕೆಂದೂ ಹೇಳಬೇಕು. ನೀವು ಹೊರಗೆ ಬಂದಿರಿ, ಅದಕ್ಕೇ ನಾನು ಎದ್ದೆ, ಅದಕ್ಕೇ ನಿಮ್ಮ ಮಗನ ಬೆರಳು ಹೋಯಿತು ಎಂದು ಆ ಮುದುಕರ ಎದುರಿಗೆ ಹೇಗೆ ಹೇಳಲಿ? ನಾನು "ಹೂಂ" ಎಂದೆ. ಮಾವನವರಿಗಾಗಿ ಎಂಬುದು ಅರ್ಧ ನಿಜ. ಉಳಿದರ್ಧ ಏನೆಂದರೆ, ನನಗೆ ಹೆದರಿಕೆಯಾಗಿತ್ತು. ಗಂಡನ ಕೈ ಕಳೆದವಳು ಎನ್ನಿಸಿಕೊಳ್ಳುವ ಹೆದರಿಕೆ.

ಇವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಆಮೇಲೆ ತಮಗೆ ತಾವೇ ಹೇಳಿಕೊಂಡರು, "ಹಂಗಾದ್ರ ಎಂಜಿನ್ ತಿರಗಿಲ್ಲ. ಪುಲ್ಲಿ ದಂಡದ ಮ್ಯಾಲ ಜರಗ್ಯದ. ಚಾವಿ ಸೀಳು ಅಗಲ ತೆಗದೀನಿ. ನನ್ನ ಅಳತಿ ತಪ್ಪ್ಯದ." ನನ್ನ ಒಂದು ಹೂಂನಿಂದ ಈ ನಾಲ್ಕು ಮಾತು ಒಂದರ ಹಿಂದೆ ಒಂದು ಬಂದುಬಿಟ್ಟವು. ನಾನು ಎದುರಿಗೇ ನಿಂತು ಕೇಳಿದೆ.

ಪುಲ್ಲಿಯನ್ನು ಇನ್ನೊಮ್ಮೆ ಕೂರಿಸಿ ನೋಡಿದ್ದರೆ ಸತ್ಯ ತಾನಾಗಿ ಹೊರಬೀಳುತ್ತಿತ್ತು. ಅದಕ್ಕೂ ಅವಕಾಶವಾಗಲಿಲ್ಲ. ಇವರು ದವಾಖಾನೆಯಲ್ಲಿರುವಾಗಲೇ ಮಾವನವರು ಗುಜರಿಯವನನ್ನು ಕರೆಸಿ ಕಾರನ್ನೂ ಪುಲ್ಲಿಯನ್ನೂ ಎತ್ತಿಸಿಬಿಟ್ಟಿದ್ದರು. ಮನೆಗೆ ಬಂದ ಇವರು ಖಾಲಿ ಜಾಗ ನೋಡಿ ಒಳಗೆ ಹೋದರು.

ಕಚೇರಿಯಲ್ಲಿ ಇವರನ್ನು ಆವಕ-ಜಾವಕಕ್ಕೆ ಹಾಕಿದರು. ಬಂದ ಟಪಾಲಿಗೆ ಠಸ್ಸೆ ಹೊಡೆಯುವುದು, ಹೋಗುವ ಟಪಾಲಿಗೆ ಠಸ್ಸೆ ಹೊಡೆಯುವುದು. ಎರಡು ವರ್ಷದ ನಂತರ ಹೊಸ ಸಾಹೇಬರೊಬ್ಬರು ಬಂದು, ನೀವು ಗೆರೆ ಎಳೆಯಬೇಡಿ, ಹುಡುಗರು ಎಳೆದದ್ದನ್ನು ತಪಾಸಣೆ ಮಾಡಿ ಸಾಕು ಎಂದು ಕರೆದರು. ಅದಕ್ಕೆ ಬೆರಳು ಬೇಕಿರಲಿಲ್ಲ. ಇವರು ಒಲ್ಲೆ ಎಂದು ಬಂದರು. ನಾನು ಯಾಕ್ರೀ ಎಂದರೆ, "ನಂದೇ ತಪ್ಪಿದ ಮ್ಯಾಲ ಮಂದೀದು ಏನ್ ನೋಡ್ಲಿ?" ಎಂದರು. ಆ ದಿನ ಹೇಳಬೇಕಿತ್ತು. ಹೇಳಲೆಂದು ಹತ್ತಿರ ಹೋಗಿ ಕುಳಿತೆ ಕೂಡ. ಒಳಗಿನಿಂದ ಮಾವನವರ ಕೆಮ್ಮು ಕೇಳಿಸಿತು. ಎದ್ದು ಅಡಿಗೆಮನೆಗೆ ಹೋದೆ. ಆಮೇಲೆ ಗೋಡೆಗೆ ನಾನು ಮೊಳೆ ಹೊಡೆದರೆ ಇವರು ಅಳತೆಪಟ್ಟಿ ಹಿಡಿದು ಬರಲಿಲ್ಲ. ಸೊಟ್ಟ ಹೊಡೆದೆ, ಬೇಕೆಂದೇ ಹೊಡೆದೆ. ಆದರೂ ಬರಲಿಲ್ಲ.

ಬೆರಳು ಹೋದ ಹತ್ತು ವರ್ಷಕ್ಕೆ ಮಾವನವರು ಏನೂ ತಿಳಿಯದೆಯೇ ತೀರಿಕೊಂಡರು. ಅವರು ಹೋದ ಮೇಲೆ ನನಗೆ ನೆಪವೂ ಉಳಿಯಲಿಲ್ಲ. ಆದರೂ ಹೇಳಲಿಲ್ಲ. ಹತ್ತು ವರ್ಷ ಮುಚ್ಚಿಟ್ಟದ್ದನ್ನು ತೆರೆಯುವಾಗ ಆ ಹತ್ತು ವರ್ಷಕ್ಕೂ ಉತ್ತರ ಕೊಡಬೇಕಾಗುತ್ತದೆ. ನಾನು ಹೇಡಿಯಾಗಿದ್ದೆ. ಬೇರೆ ಶಬ್ದ ಹುಡುಕುವುದಿಲ್ಲ.

ಎರಡು ಸಾವಿರದ ಇಸವಿ ದಾಟಿತ್ತು. ಇವರು ನಿವೃತ್ತರಾಗಿದ್ದರು, ನನಗೆ ಇನ್ನೂ ಕೆಲವು ವರ್ಷ ಬಾಕಿ. ಕಮಲಾಪುರದ ನಮ್ಮ ಶಾಲೆಗೆ ಊರವರೇ ಕೂಡಿ ಒಂದು ಕೋಣೆ ಕಟ್ಟಿಸುವುದೆಂದು ಆಗಿತ್ತು. ಹೆಡ್‌ಮಾಸ್ತರರಿಗೆ ಇವರ ಹಳೆಯ ಕೆಲಸ ಗೊತ್ತಿತ್ತು. "ಅಕ್ಕೋರೆ, ನಿಮ್ಮ ಯಜಮಾನ್ರನ್ನ ಒಮ್ಮಿ ಕರಕೊಂಡ್ ಬರ್ರಿ. ಜಾಗಾ ಅಳದು ಕಾಗದದ ಮ್ಯಾಲ ಹಾಕಿ ಕೊಟ್ರ ಗೌಂಡಿ ಕಟ್ತಾನ," ಎಂದರು. ಒಂದು ವಾರ ಬೆನ್ನು ಹತ್ತಿ ಇವರನ್ನು ಬಸ್ಸು ಹತ್ತಿಸಿದೆ.

ಇವರು ಬಯಲಲ್ಲಿ ನಿಂತು ಟೇಪು ಬಿಚ್ಚಿದರು. ಇನ್ನೊಂದು ತುದಿ ಗೌಂಡಿಯ ಕೈಯಲ್ಲಿತ್ತು. ಒಂದು ಬದಿ ಅಳೆದರು, ಮೂಲೆ ನೋಡಿದರು. ಬಗ್ಗಿ ಗೂಟದ ಹತ್ತಿರ ಎಡಗಣ್ಣು ಮುಚ್ಚಿ ನೇರ ನೋಡುವಾಗ ಒಂದು ಕ್ಷಣ ಹಳೆಯ ಮುಖ ಬಂದಿತ್ತು. ಅಷ್ಟರಲ್ಲಿ ಇವರು ಎದ್ದು ಟೇಪನ್ನು ಗೌಂಡಿಯ ಕೈಗೆ ಕೊಟ್ಟುಬಿಟ್ಟರು. "ನೀನೇ ಅಳಿಯಪ್ಪ. ಇದರಾಗ ಮಕ್ಕಳು ಕೂಡತಾವ. ನನ್ನ ಅಳತಿ ಒಮ್ಮಿ ತಪ್ಪ್ಯದ," ಎಂದು, ಮೊಟಕು ಬೆರಳನ್ನು ಎತ್ತಿ ತೋರಿಸಿದರು. ಹೆಡ್‌ಮಾಸ್ತರರು ನನ್ನ ಕಡೆ ನೋಡಿದರು.

ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಿದ್ದೆವು. ಎದುರಿಗೆ ಕೆಂಪುಬಾಳೆಯ ಬುಟ್ಟಿಗಳು. ಇವರು ಒಂದು ಹಣ್ಣು ಸುಲಿದು ನನಗೆ ಕೊಟ್ಟರು. ನಾನು ಅದನ್ನು ಹಿಡಿದುಕೊಂಡೇ ಹೇಳಿದೆ. ಹೆಚ್ಚು ಮಾತಾಡಲಿಲ್ಲ.

"ರೀ, ಆವತ್ತ ನಾ ಪಟ್ಟಿ ಬಿಟ್ಟಿದ್ದೆ. ಮಾವನೋರು ಮಡೀಲೆ ಹೊರಗ ಬಂದ್ರು. ನಾ ಎದ್ದ್ ನಿಂತೆ. ದವಾಖಾನ್ಯಾಗ ಸುಳ್ಳ ಹೇಳಿದೆ."

ಇವರು ನನ್ನ ಕಡೆ ತಿರುಗಲಿಲ್ಲ. ಕಲಬುರಗಿಯ ಒಂದು ಬಸ್ಸು ಬಂದು ನಿಂತು ಹೋಯಿತು. ಬೈಯಲಿ ಎಂದು ಕಾಯುತ್ತಿದ್ದೆ. ಸಂತೆಯಂಥ ಆ ಜಾಗದಲ್ಲಿ ಎದ್ದು ನಿಂತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಹಂಗಾದ್ರ ಎಂಜಿನ್ನೇ ತಿರಗ್ಯದ," ಎಂದರು.

"ಹೌದ್ರಿ."

"ಚಾವಿ ಸೀಳು ಸರಿ ಇತ್ತೇನು?"

"ಎಲ್ಲಾ ಸರಿ ಇತ್ರಿ."

ಇವರು ಪುಲ್ಲಿಯ ಅಳತೆಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳತೊಡಗಿದರು. ಹೊರಗಿನ ಸುತ್ತು, ಒಳಗಿನ ತೂತು, ಸೀಳಿನ ಅಗಲ, ಆಳ. ಹದಿನಾರು ವರ್ಷದ ಮೇಲೂ ಒಂದನ್ನೂ ಮರೆತಿರಲಿಲ್ಲ. ಹೇಳಿ ಮುಗಿಸಿ, ಮೊಟಕು ಬೆರಳಿನ ಕೈಯಿಂದ ಕಣ್ಣು ಒರೆಸಿಕೊಂಡರು. ಆ ಬೆರಳಿನ ಮಾತನ್ನು ಎತ್ತಲೇ ಇಲ್ಲ. ಆಮೇಲೆ, ಕೋಪವಿಲ್ಲದೆ, ನನ್ನನ್ನು ನೋಡದೆ ಹೇಳಿದರು:

"ಆವತ್ತ ದವಾಖಾನ್ಯಾಗ ಇಷ್ಟು ಹೇಳಿದ್ದಿದ್ರ, ನಾ ಎಡಗೈಲೆ ಗೆರಿ ಎಳಿಯೂದು ಕಲೀತಿದ್ನಲ್ಲ."